ಹುಣಸೆ ಮರವಿದ್ದ ಜಾಗದ ಎದುರು

ಸೊಮೋತೊ
೧೨ ಜನವರಿ ೨೦೨೫

ನಿನೋಸ್ಕಾ,

ನಾನು ಕ್ಷೇಮವಾಗಿಲ್ಲ. ಕಾರಣ ನೀನು. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಸಮಾಧಾನವಾಗಿ ಬರೆಯಬಹುದು ಅಂದುಕೊಂಡಿದ್ದೆ. ಆಗುತ್ತಿಲ್ಲ. ಪೆನ್ಸಿಲಿನ ಮೊನೆ ಆಗಲೇ ಮುರಿಯಿತು.

ಫೋನು ಯಾಕೆ ಮಾಡಲಿಲ್ಲ ಎಂದು ಕೇಳಬೇಡ. ನಾನು ಬಯ್ಯಲು ಶುರುಮಾಡಿದ ಕೂಡಲೇ 'ಮಾದ್ರೀನಾ, ಸಿಗ್ನಲ್ ಇಲ್ಲ, ಕೇಳಿಸ್ತಿಲ್ಲ' ಅಂತ ಗುಂಡಿ ಒತ್ತುತ್ತೀಯ. ಕಾಗದಕ್ಕೆ ಗುಂಡಿ ಇಲ್ಲ. ಅದಕ್ಕೇ ಬಸ್ಸಿನ ಕಂಡಕ್ಟರ್ ಮೊಂಚೋ ಕೈಯಲ್ಲಿ, ರೋಸ್ಕೀಯಾ ಚೀಲದ ಜೊತೆ, ಇದನ್ನು ಕಳಿಸುತ್ತಿದ್ದೇನೆ. ಮೊದಲು ಓದು. ಆಮೇಲೆ ತಿನ್ನು.

ಇವತ್ತು ಚರ್ಚಿನಲ್ಲಿ ಪೂಜೆ ಮುಗಿಸಿ ಹೊರಗೆ ಬಂದರೆ ಔಷಧಿ ಅಂಗಡಿಯ ಬಾಯಾರ್ದೊ ಹ್ಯಾಟು ತೆಗೆದು ಅಡ್ಡ ನಿಂತ. ಅವನು ಹ್ಯಾಟು ತೆಗೆದನೆಂದರೆ ಕೆಟ್ಟ ಸುದ್ದಿಯೇ.

"ದೊನ್ಯಾ ತೊಮಾಸಾ, ನಿಮ್ಮ ಹುಡುಗಿ ಮನಾಗ್ವಾದಲ್ಲಿ ಔಷಧಿ ಕೋರ್ಸು ಬಿಟ್ಟುಬಿಟ್ಟಳಂತಲ್ಲ? ನನ್ನ ಕೌಂಟರಿಗೆ ಯಾರನ್ನ ಕೂರಿಸ್ಲಿ ನಾನು?"

"ಯಾವ ಹುಡುಗಿ?" ಅಂದೆ.

"ನಿಮಗೆ ಎಷ್ಟಿದ್ದಾರೆ? ನಿನೋಸ್ಕಾ. ಅದೇನೋ ವೆಬ್ ಡಿಸೈನರ್ ಆಗ್ತಾಳಂತೆ."

"ಹಾಗಂದ್ರೆ?"

"ಫೋನೊಳಗೆ ಅಂಗಡಿ ಕಾಣುತ್ತಲ್ಲ, ಅದರ ಬಾಗಿಲು, ಬಣ್ಣ, ಬೋರ್ಡು ಎಲ್ಲಾ ಮಾಡೋದು."

"ಫೋನೊಳಗೆ ಅಂಗಡಿ ಯಾಕೆ? ಹೊರಗಿರೋ ಅಂಗಡಿಗೇ ಜನ ಬರ್ತಿಲ್ಲ."

ಇಡೀ ಊರಿನ ಮುಂದೆ ನಾನು ಏನೂ ಗೊತ್ತಿಲ್ಲದ ಪೆದ್ದಿಯ ಹಾಗೆ ನಿಂತೆ. ನಿನ್ನನ್ನು ಜ್ಞಾನಸ್ನಾನದ ತೊಟ್ಟಿಯ ಮೇಲೆ ಎತ್ತಿ ಹಿಡಿದು ನಿನ್ನ ಮಾದ್ರೀನಾ, ಜ್ಞಾನತಾಯಿ, ಆದವಳು ನಾನು. ನಿಮ್ಮಮ್ಮ ಕಾಫಿ ಕೊಯ್ಲಿಗೆಂದು ಕೋಸ್ಟಾರಿಕಾಕ್ಕೆ ಹೋಗಿ ಅಲ್ಲೇ ಗಂಡ, ಮನೆ ಮಾಡಿಕೊಂಡ ಮೇಲೆ ನಿನ್ನನ್ನು ಒಲೆಯ ಹೊಗೆಯಲ್ಲೇ ಬೆಳೆಸಿದವಳೂ ನಾನು. ಒಲೆಗೆ ಕೈ ಬೇಕೆಂದು ಮೂರನೇ ಕ್ಲಾಸಿಗೇ ನನ್ನನ್ನು ಶಾಲೆ ಬಿಡಿಸಿದರು. ಆವತ್ತಿನಿಂದ ಈ ಮುಖ ಬೆಂಕಿಯ ಎದುರೇ ಇದೆ. ನಿನ್ನ ಮುಖ ಹಾಗಾಗಬಾರದು ಎಂದು ಬಾಯಾರ್ದೊನ ಕೈಕಾಲು ಹಿಡಿದು ಆ ಕೆಲಸ ಮಾತಾಡಿದ್ದೆ. ಗಾಜಿನ ಕೌಂಟರು, ತಲೆಯ ಮೇಲೆ ಫ್ಯಾನು, ಕೂತು ಮಾಡುವ ಕೆಲಸ. ಬಿಳಿ ಕೋಟು ಕೂಡ ಹೊಲಿದಿಟ್ಟಿದ್ದೇನೆ, ಜೇಬಿನ ಮೇಲೆ ನೀಲಿ ದಾರದಲ್ಲಿ ನಿನ್ನ ಹೆಸರು ಹಾಕಿ.

ಈಸ್ಟರ್ ಒಳಗೆ ವಾಪಸು ಬಾ. ಅಷ್ಟೇ.

ನಿನ್ನ ಮಾದ್ರೀನಾ
ತೊಮಾಸಾ


ಮನಾಗ್ವಾ
೧೯ ಜನವರಿ ೨೦೨೫

ಮಾದ್ರೀನಾ,

ಮೊದಲು ತಿಂದೆ, ಆಮೇಲೆ ಓದಿದೆ. ಕ್ಷಮಿಸಿ. ಮೊಂಚೋ ಚೀಲ ಕೊಟ್ಟಾಗ ಅದಿನ್ನೂ ಬೆಚ್ಚಗಿತ್ತು.

ಹೇಳದೆ ಬಿಟ್ಟದ್ದು ತಪ್ಪು. ಹೇಳಿದ್ದರೆ ನೀವು ಅದೇ ಬಸ್ಸಿನಲ್ಲಿ ಬಂದು ಕಿವಿ ಹಿಡಿದು ಎಳೆದುಕೊಂಡು ಹೋಗುತ್ತಿದ್ದಿರಿ ಎಂಬ ಭಯ. ಆದದ್ದು ಇಷ್ಟು. ಹಾಸ್ಟೆಲಿನ ಕೆಳಗೆ ಕೂದಲು ಕತ್ತರಿಸುವವಳೊಬ್ಬಳ ಅಂಗಡಿಯಿದೆ. ತಮಾಷೆಗೆಂದು ಅವಳಿಗೊಂದು ಪುಟ ಮಾಡಿಕೊಡಲು ಕೂತೆ. ಅಕ್ಷರ ತುಸು ದೊಡ್ಡದು ಮಾಡಿದೆ, ಕಣ್ಣು ಅಲ್ಲಿ ನಿಂತಿತು. ಬಣ್ಣ ಬದಲಿಸಿದೆ, ಇಡೀ ಅಂಗಡಿ ನಗುತ್ತಿದೆ ಅನ್ನಿಸಿತು. ತಲೆ ಎತ್ತಿದಾಗ ಹಾಸ್ಟೆಲಿನಲ್ಲಿ ಎಲ್ಲರ ಊಟ ಮುಗಿದು ತಟ್ಟೆ ತೊಳೆಯುತ್ತಿದ್ದರು. ನೀವೇ ಹೇಳಿ, ನಾನು ಊಟ ಮರೆತದ್ದನ್ನು ಯಾವತ್ತಾದರೂ ಕಂಡಿದ್ದೀರಾ?

ಈಗ ಇವಾನಿಯಾ ಎಂಬವರ ಸ್ಟುಡಿಯೋದಲ್ಲಿ ಕಲಿಯುತ್ತಿದ್ದೇನೆ. ನಿಮ್ಮಷ್ಟೇ ಸಿಟ್ಟಿನ ಹೆಂಗಸು. ಮೊನ್ನೆ ಅವರು ಅಂದದ್ದು ಇದು: "ಚೆಂದದ ಪುಟ ಯಾರು ಬೇಕಾದ್ರೂ ಮಾಡ್ತಾರೆ ಕಣೇ. ನಿನ್ನ ಪುಟ ನೋಡ್ಕೊಂಡು, ನಿನ್ನ ಪರಿಚಯವೇ ಇಲ್ದಿರೋರು ಯಾರಾದ್ರೂ ಆ ಅಂಗಡಿ ಬಾಗಿಲಿಗೆ ಹೋಗಿ ಕೊಂಡ್ಕೋಬೇಕು. ಕೊಂಡ್ಕೊಂಡೆ ಅಂತ ಆ ಪುಟದಲ್ಲೇ ಬರೀಬೇಕು. ಒಬ್ಬರು ಸಾಕು. ಈಸ್ಟರ್ ಒಳಗೆ ಆದ್ರೆ ಕಿಟಕಿ ಪಕ್ಕದ ಮೇಜು ನಿಂದು. ಆಗದಿದ್ರೆ ಮನೆಗೆ ಹೋಗು."

ನನ್ನ ಜೊತೆ ಕಲಿಯುವವರು ಇಲ್ಲಿಯದೇ ಪಾರ್ಲರು, ಗ್ಯಾರೇಜು ಹಿಡಿದುಕೊಂಡಿದ್ದಾರೆ. ನನಗೆ ನಮ್ಮ ರೋಸ್ಕೀಯಾ ಒಲೆ ಬೇಕು. ಒಪ್ಪಿಕೊಳ್ಳಿ. ಈಸ್ಟರ್ ಭಾನುವಾರದೊಳಗೆ ಒಬ್ಬ ಅಪರಿಚಿತರೂ ಬರದಿದ್ದರೆ ಸೋಮವಾರ ನಾನೇ ಬಂದು ಬಿಳಿ ಕೋಟು ಹಾಕಿಕೊಳ್ಳುತ್ತೇನೆ. ತುಟಿ ಎರಡು ಮಾಡುವುದಿಲ್ಲ.

ಬೀದಿಯ ಹೆಸರು, ಮನೆ ನಂಬರು ಬರೆದು ಕಳಿಸಿ. ಪುಟಕ್ಕೆ ಬೇಕು.

ನಿಮ್ಮ ಹೊಟ್ಟೆಬಾಕಿ
ನಿನೋಸ್ಕಾ


ಸೊಮೋತೊ
೨೬ ಜನವರಿ ೨೦೨೫

ನಿನೋಸ್ಕಾ,

ಒಪ್ಪಿದ್ದೇನೆ. ಯಾಕೆಂದರೆ ಯಾರೂ ಬರುವುದಿಲ್ಲ, ನೀನು ಮನೆಗೆ ಬರುತ್ತೀಯ. ಕೋಟಿಗೆ ಗುಂಡಿ ಹಚ್ಚಿಸಲು ಕೊಟ್ಟಿದ್ದೇನೆ.

ಆದರೆ ಮಾಡುವುದಾದರೆ ನಾನು ಹೇಳಿದ ಹಾಗೆ ಮಾಡು. ನನ್ನ ಫೋಟೋ ಹಾಕಬಾರದು. 'ಅಜ್ಜಿಯ ಕೈರುಚಿ' ಅಂತ ಬರೆದರೆ ಬಸ್ಸು ಹತ್ತಿ ಬರುತ್ತೇನೆ. ನಾನು ಯಾರ ಅಜ್ಜಿಯೂ ಅಲ್ಲ. ರೋಸ್ಕೀಯಾ ಅಂದರೆ ಏನೆಂದು ವಿವರಿಸುತ್ತ ಕೂರಬೇಡ. ಜೋಳದ ಹಿಟ್ಟು, ಹಸಿ ಚೀಸು, ಬೆಣ್ಣೆ, ಕಟ್ಟಿಗೆ ಒಲೆ, ಬಳೆಯ ಆಕಾರ. ಕಾಫಿಗೆ ಅದ್ದಿದರೆ ಕರಗಬಾರದು, ಕಚ್ಚಿದರೆ ನಿಲ್ಲಬಾರದು. ಇಷ್ಟು ಸಾಕು. ಮತ್ತೆ ಹಿಂದಿನ ಬೀದಿಯ ಸೊಕೋರ್ರೊಳ ಹೆಸರು ಅದರಲ್ಲಿ ಎಲ್ಲೂ ಬರಕೂಡದು. ಅವಳು ಒಲೆಮನೆಯ ಮುಂದೆ ಬಣ್ಣದ ಮಿಣುಕು ದೀಪ ಹಾಕಿಸಿದ್ದಾಳೆ. ದೀಪ ತಿನ್ನುತ್ತಾರೇನು ಜನ?

ಬೀದಿಯ ಹೆಸರು, ಮನೆ ನಂಬರು ಅಂತೆ! ನಾಲ್ಕು ದಿನ ಪಟ್ಟಣದಲ್ಲಿದ್ದು ತಲೆ ಕೆಟ್ಟಿತೇ? ಈ ಊರಿನಲ್ಲಿ ನಂಬರು ಇರುವುದು ಜೈಲಿನ ಕೋಣೆಗೆ ಮಾತ್ರ. ಬರೆದುಕೋ: ಚರ್ಚಿನಿಂದ ಎರಡು ಬೀದಿ ಮೇಲೆ, ಹುಣಸೆ ಮರವಿದ್ದ ಜಾಗದ ಎದುರು, ನೀಲಿ ಗೇಟು. ನನ್ನ ಮದುವೆಯ ಉಡುಗೊರೆ ಈ ವಿಳಾಸಕ್ಕೇ ಬಂತು, ನನ್ನ ಗಂಡನ ಸಾವಿನ ಸಂತಾಪವೂ ಈ ವಿಳಾಸಕ್ಕೇ ಬಂತು. ನಿನ್ನ ವೆಬ್‌ಸೈಟಿಗೆ ಇದು ಸಾಲದಿದ್ದರೆ ಅದೇ ಹೋಗಿ ಹೆಸರು ಬದಲಿಸಿಕೊಳ್ಳಲಿ.

ತೊಮಾಸಾ


ಸೊಮೋತೊ
೯ ಫೆಬ್ರವರಿ ೨೦೨೫

ನಿನೋಸ್ಕಾ,

ನೀನು ಊರಿಗೆ ಬೆಂಕಿ ಹಚ್ಚಿದ್ದೀಯ.

ಮೊಂಚೋ ಕೈಯಲ್ಲಿ ನೀನು ಕಳಿಸಿದ ಚೀಟಿ ಓದಿದೆ. 'ಫೋನಿನ ನಕ್ಷೆ ನಮ್ಮ ಗೇಟನ್ನು ಹೊಳೆಯೊಳಗೆ ತೋರಿಸುತ್ತದೆ, ಅದಕ್ಕೆ ನಕ್ಷೆಯನ್ನೇ ಬಿಟ್ಟು ಹುಣಸೆ ಮರದ ಚಿತ್ರ ಬರೆಯುತ್ತೇನೆ, ನಾನು ಆ ಮರವನ್ನು ನೋಡಿಯೇ ಇಲ್ಲ, ಅದು ಹೇಗಿತ್ತು ಹೇಳಿ,' ಅಂತ. ಹೌದು, ನೀನು ನೋಡಿಲ್ಲ. ಮಿಚ್ ಚಂಡಮಾರುತದಲ್ಲಿ ಅದು ಬಿದ್ದಾಗ ನೀನಿನ್ನೂ ಹುಟ್ಟಿರಲಿಲ್ಲ. ಆದರೂ ಹುಟ್ಟಿದಾಗಿನಿಂದ ಅದರ ಎದುರೇ ಬೆಳೆದೆ.

ನಾನು ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲ ಮೇಲೆ ಬಾಯಾರ್ದೊನನ್ನು ಸುಮ್ಮನೆ ಕೇಳಿದೆ, ಮರ ಯಾವ ಕಡೆಗೆ ವಾಲಿತ್ತು ಅಂತ. ಅಷ್ಟೇ ನಾನು ಮಾಡಿದ್ದು.

"ಹೊಳೆ ಕಡೆಗೆ," ಅಂದ ಬಾಯಾರ್ದೊ.

"ಸುಳ್ಳು!" ಅಂತ ಹಿಂದಿನಿಂದ ಕ್ಷೌರದ ನಿಕಾನೋರ್ ಕೂಗಿದ. "ಚರ್ಚಿನ ಕಡೆಗೆ. ಅದರ ಕೊಂಬೆಯಿಂದ ಫಾದರ್ ಅಂಗಳಕ್ಕೆ ಇಳೀತಿದ್ದೆ ನಾನು."

"ಮರ ಹೊಳೆ ಕಡೆಗೇ ವಾಲಿತ್ತು ಕಣಯ್ಯಾ. ಚರ್ಚಿನ ಕಡೆ ವಾಲ್ತಿದ್ದವನು ನೀನು. ಆವಾಗ ನೀನು ಎಷ್ಟು ಕುಡೀತಿದ್ದೆ ಅಂತ ಊರಿಗೇ ಗೊತ್ತು."

"ನಿನ್ನ ಔಷಧಿಗಿಂತ ಅದೇ ವಾಸಿ ಆಗಿತ್ತು!"

ಅಷ್ಟರಲ್ಲಿ ಸೊಕೋರ್ರೊ ಬಂದಳು, ಕರೆಯದೆ. "ಅದಕ್ಕೆ ಎರಡು ಬುಡ ಇತ್ತಲ್ಲ? ಮಧ್ಯೆ ಒಬ್ಬರು ಕೂರೋ ಜಾಗ ಇತ್ತು."

"ಇಬ್ಬರು," ಅಂದ ನಿಕಾನೋರ್. ಸೊಕೋರ್ರೊಳ ಮುಖ ಒಲೆಯ ಬಾಯಿಯ ಹಾಗೆ ಕೆಂಪಾಯಿತು. ಇಡೀ ಮೆಟ್ಟಿಲು ನಕ್ಕಿತು. ಯಾರೋ ಕೋಲು ತಂದು ಮಣ್ಣಿನಲ್ಲಿ ಬರೆದರು, ಇನ್ನೊಬ್ಬರು ಕಾಲಿನಿಂದ ಅಳಿಸಿ ಬೇರೆ ಬರೆದರು. ಫಾದರ್ ಹೊರಗೆ ಬಂದು, "ಪ್ರಸಂಗಕ್ಕೆ ನಿದ್ದೆ ಮಾಡ್ತೀರಿ, ಬಿದ್ದ ಮರಕ್ಕೆ ಎಚ್ಚರ ಇರ್ತೀರಾ?" ಅಂದರು. ಆಮೇಲೆ ಅವರೇ ಕೋಲು ಕಿತ್ತುಕೊಂಡು ಒಂದು ಕೊಂಬೆ ಸೇರಿಸಿದರು.

ಮಣ್ಣಿನ ಚಿತ್ರದ ಫೋಟೋವನ್ನು ಬಾಯಾರ್ದೊ ನಿನಗೆ ಕಳಿಸಿದ್ದಾನಂತೆ. ಎರಡು ಬುಡ ಇತ್ತು, ಸೊಕೋರ್ರೊ ಅಂದದ್ದು ನಿಜ. ಅವಳಿಗೆ ಹೇಳಬೇಡ.

ನನಗೆ ನೆನಪಿರುವುದು ಬೇರೆ. ಒಲೆ ಆರಿದ ಮೇಲೆ ಕುರ್ಚಿ ತಂದು ಅದರ ಕೆಳಗೆ ಕಾಲು ಚಾಚಿ ಕೂರುತ್ತಿದ್ದೆ. ಇಡೀ ದಿನದಲ್ಲಿ ನಾನು ಕೂರುತ್ತಿದ್ದ ಹೊತ್ತು ಅದೊಂದೇ. ಹೋಗುವವರು ಬರುವವರೆಲ್ಲ ಅಲ್ಲಿ ನಿಂತು ಮಾತಾಡುತ್ತಿದ್ದರು. ಮರ ಬಿದ್ದ ಮೇಲೆ ಆ ಬೀದಿಯಲ್ಲಿ ಬಿಸಿಲು ಮಾತ್ರ ಉಳಿಯಿತು, ನಾನೂ ಗೇಟು ಹಾಕಿಕೊಂಡೆ.

ಇದನ್ನೆಲ್ಲ ಚಿತ್ರದಲ್ಲಿ ಹಾಕಲು ಆಗುವುದಿಲ್ಲ, ಗೊತ್ತು. ಕೇಳಿದ್ದಕ್ಕೆ ಹೇಳಿದೆ.

ತೊಮಾಸಾ


ಸೊಮೋತೊ
೨೩ ಫೆಬ್ರವರಿ ೨೦೨೫

ನಿನೋಸ್ಕಾ,

ಬಾಯಾರ್ದೊನ ಫೋನಿನಲ್ಲಿ ನೋಡಿದೆ.

ಮೊದಲು ತಪ್ಪುಗಳು. ಗೇಟಿನ ನೀಲಿ ನಮ್ಮ ನೀಲಿಯಲ್ಲ. ನಮ್ಮದು ಬಿಸಿಲಿಗೆ ಬಡವಾದ ನೀಲಿ. ಅಕ್ಷರ ಇರುವೆಯ ಹಾಗಿದೆ. ದೊಡ್ಡದು ಮಾಡು, ರೋಸ್ಕೀಯಾ ತಿನ್ನುವವರಲ್ಲಿ ಮುದುಕರೇ ಹೆಚ್ಚು. ಇನ್ನು ಆ ರೋಸ್ಕೀಯಾಗಳ ಫೋಟೋ! ಹಸಿ ಹಸಿಯಾಗಿ, ಜ್ವರ ಬಂದವರ ಮುಖದ ಹಾಗೆ. ಅಂಥದ್ದನ್ನು ನಾನು ಹಂದಿಗೂ ಹಾಕುವುದಿಲ್ಲ. ಇದನ್ನೆಲ್ಲ ಬಾಯಾರ್ದೊನಿಗೆ ಹೇಳಿದೆ, ಅವನು ನಿನಗೆ ಬರೆದ, ನಿನಗೇ ಗೊತ್ತು. ಆಮೇಲೆ ಅವನು ಒಬ್ಬ ಗಿರಾಕಿಗೆ ಕೆಮ್ಮಿನ ಸಿರಪ್ ಕೊಟ್ಟು ಬರುವಷ್ಟರಲ್ಲಿ, ನಾನು ನೋಡುತ್ತಿದ್ದ ಹಾಗೆಯೇ, ಆ ರೋಸ್ಕೀಯಾಗಳು ಕೆಂಪಗಾದವು. ಯಾರೋ ಒಳಗಿನಿಂದ ಕಟ್ಟಿಗೆ ಸೇರಿಸಿದ ಹಾಗೆ. ನಾನು ಫೋನಿನ ಹಿಂಭಾಗ ಮುಟ್ಟಿ ನೋಡಿದೆ, ಬಿಸಿಯಾಗಿದೆಯೇ ಎಂದು. ಬಾಯಾರ್ದೊ ನಕ್ಕ. ಅವನ ಅಂಗಡಿಯಲ್ಲಿ ನಗುವುದಕ್ಕೆ ಬೇರೇನೂ ಇಲ್ಲ, ಪಾಪ.

ಮರ ನೋಡಿದೆ.

ಬೆರಳು ಎಳೆದರೆ ಮೊದಲು ತುದಿಯ ಎಲೆ, ಆಮೇಲೆ ಕೊಂಬೆ, ಎರಡು ಬುಡ, ಅದರ ನೆರಳು ನೆಲದ ಮೇಲೆ ಚೆಲ್ಲಿಕೊಂಡು ನಮ್ಮ ಗೇಟಿನವರೆಗೆ ಬರುತ್ತದೆ. ನೆರಳಿನಲ್ಲಿ ಒಂದು ಖಾಲಿ ಕುರ್ಚಿ.

ಕುರ್ಚಿ ಹಾಕು ಎಂದು ನಾನು ಹೇಳಿರಲಿಲ್ಲ.

ಬಾಯಾರ್ದೊ ನಿಟ್ಟುಸಿರು ಬಿಟ್ಟು, "ಈ ಹುಡುಗಿ ನನ್ನ ಕೌಂಟರಿಗೆ ಬರೋ ಹಾಗೆ ಕಾಣಲ್ಲ ದೊನ್ಯಾ," ಅಂದ. "ಬಾಯಿ ಮುಚ್ಚಿ ಇನ್ನೊಂದ್ಸಲ ತೋರಿಸು," ಅಂದೆ.

ಆದರೂ ನನ್ನ ಮಾತು ಮಾತೇ. ಈಸ್ಟರ್ ತನಕ ಯಾರೂ ಬರದಿದ್ದರೆ ಕೋಟು.

ತೊಮಾಸಾ


ಸೊಮೋತೊ
೧೬ ಮಾರ್ಚ್ ೨೦೨೫

ನಿನೋಸ್ಕಾ,

ಯಾರೂ ಬಂದಿಲ್ಲ. ಉಪವಾಸ ಕಾಲ ಶುರುವಾಯಿತು, ರೋಸ್ಕೀಯಾ ಹೆಚ್ಚು ಹೋಗುವ ಕಾಲ ಇದೇ, ಆದರೂ ಬರುವವರು ಅದೇ ಹಳೇ ಮುಖಗಳು. ನಿನ್ನ ಅಪರಿಚಿತರು ದಾರಿಯಲ್ಲೇ ಅಪರಿಚಿತರಾಗಿ ಉಳಿದರು.

ಬದಲಿಗೆ ಹೊಸದೊಂದು ಪೀಡೆ ಗಂಟುಬಿದ್ದಿದೆ. ಫೋನು ಹಿಡಿದ ಜನ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಗೇಟು ಬಡಿಯುತ್ತಾರೆ. ನಾನು ಒಲೆಯಿಂದ ರೋಸ್ಕೀಯಾ ತಗಡು ತೆಗೆಯುವ ಹೊತ್ತಿಗೇ ಸರಿಯಾಗಿ. ಕೈಯೆಲ್ಲ ಹಿಟ್ಟು, ಮುಖವೆಲ್ಲ ಮಸಿ, ಓಡಿ ಬಂದು ತೆರೆದರೆ, "ಅಮ್ಮಾ, ಹುಣಸೆ ಮರ ಎಲ್ಲಿ?"

"ಯಾವ ಮರ? ಕಣ್ಣು ಕಾಣಲ್ವಾ? ಇಲ್ಲಿ ಮರ ಇದ್ಯಾ? ಅದು ಬಿದ್ದು ಮಣ್ಣಾಗಿ ಎಷ್ಟೋ ಕಾಲ ಆಯ್ತು!"

"ಆದ್ರೆ ಇಲ್ಲಿ ತೋರಿಸ್ತಿದೆಯಲ್ಲ..."

"ಅಲ್ಲಿ ತೋರಿಸಿದ್ರೆ ಅಲ್ಲೇ ಹತ್ತಿ ಕೂತ್ಕೋ. ಮರ, ದೀಪ, ಬಣ್ಣ ಬೇಕಾದ್ರೆ ಹಿಂದಿನ ಬೀದಿಗೆ ಹೋಗು, ಸೊಕೋರ್ರೊ ಅಂತ ಇದ್ದಾಳೆ, ಅವಳ ಹತ್ರ ಎಲ್ಲಾ ಇರುತ್ತೆ."

ಪುರಸಭೆಯವರೋ, ಮರ ಎಣಿಸುವವರೋ, ಯಾರೋ. ಚಿನಾಂದೇಗಾದಿಂದ ಬಂದ ಒಂದು ಸಂಸಾರ, ಲಿಯೋನಿನ ಇಬ್ಬರು ಹುಡುಗಿಯರು. ಎಲ್ಲರನ್ನೂ ಓಡಿಸಿದೆ.

ಸೊಕೋರ್ರೊಳ ಒಲೆ ಮಾತ್ರ ಈಗ ಮಧ್ಯಾಹ್ನವೂ ಹೊಗೆಯಾಡುತ್ತದೆ. ಅವಳ ದೀಪ ಕೆಲಸ ಮಾಡುತ್ತಿದೆಯೋ ಏನೋ. ನೀನು ದೀಪ ಮಾಡುವುದನ್ನು ಕಲಿಯಬೇಕಿತ್ತು.

ತೊಮಾಸಾ


ಮನಾಗ್ವಾ
೨೦ ಮಾರ್ಚ್ ೨೦೨೫

ಮಾದ್ರೀನಾ,

ನಿಮ್ಮ ಕಾಗದ ಓದಿ ಸ್ಟುಡಿಯೋದ ನೆಲದ ಮೇಲೆ ಕೂತುಬಿಟ್ಟೆ. ಇವಾನಿಯಾ ನೀರು ತಂದುಕೊಟ್ಟರು.

ಅವರು ಪುರಸಭೆಯವರಲ್ಲ. ಅವರೇ ನನ್ನ ಅಪರಿಚಿತರು.

ಪುಟದಲ್ಲಿ ಒಬ್ಬರು ಹೀಗೆ ಬರೆದಿದ್ದಾರೆ. ಮೊದಲ ಸಲ ಓದಿದಾಗ ಯಾರೋ ತಮಾಷೆಗೆ ಬರೆದಿರಬೇಕು ಅಂದುಕೊಂಡಿದ್ದೆ: 'ಹುಣಸೆ ಮರ ಹುಡುಕಿಕೊಂಡು ಸೊಮೋತೊಗೆ ಹೋದೆವು. ನೀಲಿ ಗೇಟಿನಿಂದ ಮಸಿ ಮುಖದ ಹೆಂಗಸೊಬ್ಬರು ಬಂದು ಮರವೇ ಇಲ್ಲ ಎಂದು ಗದರಿ, ಸೊಕೋರ್ರೊ ಎಂಬವರ ಮನೆ ತೋರಿಸಿದರು. ಅಲ್ಲಿ ಕೊಂಡೆವು. ರುಚಿಯಾಗಿತ್ತು.'

ಇವಾನಿಯಾ ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ಬಂದಿದ್ದು ನಿನ್ನ ಪುಟ ನೋಡಿ, ಕೊಂಡಿದ್ದು ಪಕ್ಕದ ಬೀದೀಲಿ. ಬಾಗಿಲು ತೋರಿಸೋದು ಅಷ್ಟೇ ಅಲ್ಲ, ಬಾಗಿಲು ತೆಗೆಯೋ ಹಾಗೂ ಮಾಡ್ಬೇಕು," ಅಂದರು.

ಮರದ ಚಿತ್ರ ನನ್ನ ತಪ್ಪೇ ಇರಬಹುದು. ಇಲ್ಲದ ಮರವನ್ನು ಇದೆ ಎಂಬಂತೆ ಬರೆದೆ. ಬೇಕಿದ್ದರೆ ತೆಗೆದುಹಾಕುತ್ತೇನೆ, ಹೇಳಿ.

ಆದರೆ ಒಂದು ಕೇಳಬೇಕು. ನೀವು ಆ ಚಿತ್ರವನ್ನು ಎರಡು ಸಲ ನೋಡಿದ್ದೀರಿ. ಕೇಳಿಕೊಂಡು ಬಂದವರು ಯಾರೆಂದು ನಿಮಗೆ ನಿಜವಾಗಿಯೂ ಹೊಳೆಯಲಿಲ್ಲವೇ? ಬೇಕೆಂತಲೇ ಕಳಿಸಿದಿರಾ?

ನಿನೋಸ್ಕಾ


ಸೊಮೋತೊ
೬ ಏಪ್ರಿಲ್ ೨೦೨೫

ನಿನೋಸ್ಕಾ,

ಎರಡು ವಾರ ಬರೀ ಚೀಲ ಬಂತು, ಕಾಗದ ಬರಲಿಲ್ಲ ಎಂದು ಮೊಂಚೋ ಹತ್ತಿರ ಅಂದೆಯಂತೆ. ಒಲೆ ಹತ್ತಿರ ಕೆಲಸ ಇತ್ತು.

ಕಳೆದ ಭಾನುವಾರ ಸೊಕೋರ್ರೊ ಬಂದಳು, ಒಂದು ಬಟ್ಟಲು ಪಾಯಸ ಹಿಡಿದು. "ತೊಮಾಸಾ, ನೀನು ಎಷ್ಟು ಒಳ್ಳೆಯವಳೇ! ಗೇಟಿಗೆ ಬಂದ ಗಿರಾಕೀನ ಯಾರಾದ್ರೂ ಹೀಗೆ ಕಳಿಸ್ತಾರಾ? ಇಷ್ಟು ವರ್ಷ ನಿನ್ನ ತಪ್ಪು ತಿಳ್ಕೊಂಡಿದ್ದೆ ಕಣೇ," ಅಂತ ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಎಂಥಾ ಶಿಕ್ಷೆ! ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ಪಾಯಸ ಚೆನ್ನಾಗಿತ್ತು, ಅದಕ್ಕೇ ಹೊಟ್ಟೆ ಇನ್ನೂ ಉರಿಯುತ್ತದೆ.

ಬೇಕೆಂತಲೇ ಮಾಡಿದಿರಾ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯಲೆಂದೇ ಮತ್ತೆ ಮತ್ತೆ ಕೂತೆ. ಪೆನ್ಸಿಲ್ ಗಿಡ್ಡವಾಯಿತು. ಇರಲಿ ಬಿಡು.

ಮರ ತೆಗೆಯಬೇಡ. ತೆಗೆದರೆ ನೋಡು! ಅದಕ್ಕಾಗಿ ಊರೆಲ್ಲ ಜಗಳಾಡಿದೆ, ಫಾದರ್ ಕೊಂಬೆ ಹಾಕಿದ್ದಾರೆ. ನಿಕಾನೋರ್ ಕ್ಷೌರಕ್ಕೆ ಬಂದವರಿಗೆಲ್ಲ ಅದನ್ನೇ ತೋರಿಸುತ್ತಾನೆ, ಅರ್ಧ ಗಡ್ಡ ಬಿಟ್ಟು.

ಇಲ್ಲಿ ಬಿಸಿಲು ವಿಪರೀತ. ಹಿಟ್ಟಿನ ಖಾಲಿ ಚೀಲಗಳು ಸುಮ್ಮನೆ ಬಿದ್ದಿದ್ದವು. ಅವನ್ನು ಬಿಚ್ಚಿ ಹೊಲಿದು, ಗೇಟಿನ ಎದುರು, ಮರವಿದ್ದ ಜಾಗದಲ್ಲಿ, ನಾಲ್ಕು ಕಂಬ ಹೂಳಿಸಿ ಚಪ್ಪರದ ಹಾಗೆ ಕಟ್ಟಿದ್ದೇನೆ. ಕುರ್ಚಿ ಹಾಕಿಕೊಂಡು ಮಧ್ಯಾಹ್ನ ಅಲ್ಲೇ ಕೂರುತ್ತೇನೆ. ಗಾಳಿಗಾಗಿ. ಬೇರೆ ಯಾವ ಕಾರಣವೂ ಇಲ್ಲ. ಮೊಂಚೋ ಏನಾದರೂ ಹೇಳಿದರೆ ನಂಬಬೇಡ.

ಎರಡನೇ ಕುರ್ಚಿಯೂ ಇದೆ. ಅದು ಕಾಲು ಚಾಚಲು.

ಚಪ್ಪರ ಕಟ್ಟಿದ ದಿನದಿಂದ ಫೋನು ಹಿಡಿದವರು ಒಬ್ಬರೂ ಬಂದಿಲ್ಲ. ಬೇಡ ಅಂದಾಗ ಬರುತ್ತಾರೆ, ಹಾಳಾದವರು.

ತೊಮಾಸಾ


ಸೊಮೋತೊ
ಈಸ್ಟರ್ ಭಾನುವಾರ, ೨೦ ಏಪ್ರಿಲ್ ೨೦೨೫

ನಿನೋಸ್ಕಾ,

ನಿನಗೆ ನಿನ್ನೆಯೇ ಗೊತ್ತಾಗಿದೆ. ಆದರೂ ನನ್ನ ಬಾಯಿಂದಲೂ ಕೇಳು, ಫೋನಿನಲ್ಲಿ ನೀನು ಕಿರುಚಿದ ಕಿರುಚಾಟಕ್ಕೆ ನನಗೆ ಒಂದು ಮಾತೂ ಹೇಳಲಾಗಲಿಲ್ಲ. ಈ ಸಲ ಗುಂಡಿ ಒತ್ತಿದವಳು ನಾನು. ಸಿಗ್ನಲ್ ಇತ್ತು.

ಶುಭ ಶುಕ್ರವಾರ ಬಸ್ಸಿಲ್ಲ, ಯಾರೂ ಬರಲಿಲ್ಲ. ಶನಿವಾರ ಮಧ್ಯಾಹ್ನದವರೆಗೂ ಯಾರೂ ಇಲ್ಲ. ಬಾಯಾರ್ದೊ ಅಂಗಡಿ ಮುಚ್ಚಿ ಮನೆಗೆ ಹೋಗುತ್ತ ನನ್ನ ಚಪ್ಪರದ ಹತ್ತಿರ ನಿಂತು, "ಹಾಗಾದ್ರೆ ಮಂಗಳವಾರದಿಂದ ಹುಡುಗೀನ ಕಳಿಸ್ತೀರಲ್ಲ ದೊನ್ಯಾ?" ಅಂದ. "ನಡಿ ಮುಂದೆ, ಗಾಳಿಗೆ ಅಡ್ಡ ನಿಂತಿದ್ದೀಯ," ಅಂದೆ. ಕೋಟು ಇಸ್ತ್ರಿಯಾಗಿ ಕುರ್ಚಿಯ ಬೆನ್ನಿಗೆ ನೇತಾಡುತ್ತಿತ್ತು. ನೋಡಿದರೆ ಖುಷಿಯಾಗಬೇಕಿತ್ತು. ನನಗೆ ಬೇಕಾದದ್ದೇ ತಾನೇ ಆಗುತ್ತಿದ್ದದ್ದು? ಹಾಳಾದದ್ದು, ಖುಷಿಯಾಗಲಿಲ್ಲ.

ಆಗ ಬೀದಿಯ ತುದಿಯಿಂದ ಇಬ್ಬರು ಬಂದರು. ಹಳದಿ ಹ್ಯಾಟಿನ ಒಬ್ಬ ಹೆಂಗಸು, ಅವಳ ತೋಳು ಹಿಡಿದು ಒಬ್ಬ ಮುದುಕಿ. ಕೈಯಲ್ಲಿ ಫೋನು. ನಾನು ಎದ್ದು ನಿಂತೆ, ಮತ್ತೆ ಕೂತೆ. ಯಾರ ಗೇಟೂ ಬಡಿಯದೆ ನೇರ ನನ್ನ ಮುಂದೆ ಬಂದು ನಿಂತರು.

"ದೊನ್ಯಾ, ಹುಣಸೆ ಮರ ಇಲ್ಲೇನಾ?"

ನನ್ನ ಬಾಯಿಗೆ ಏನು ಬಂತೆಂದು ನಿನಗೆ ಗೊತ್ತು. ನುಂಗಿದೆ.

"ಇಲ್ಲೇ," ಅಂದೆ. "ಅದರ ನೆರಳಲ್ಲೇ ನಿಂತಿದ್ದೀಯ. ನಿಮ್ಮಮ್ಮನ್ನ ಕೂರಿಸು, ಕಾಫಿ ತರ್ತೀನಿ."

ಮುದುಕಿ ಕುರ್ಚಿಯಲ್ಲಿ ಕೂತು, ತಲೆ ಎತ್ತಿ ಚೀಲದ ಚಪ್ಪರ ನೋಡಿದಳು. "ಎಲ್ಲಿ ಮರ? ಒಂದು ಎಲೆನೂ ಕಾಣಲ್ಲ."

"ಬೇಸಿಗೆ ಅಲ್ವಾ, ಎಲೆ ಉದುರಿದೆ."

"ಕೊಂಬೆ?"

"ಅದೂ ಉದುರಿದೆ."

"ಬುಡಾನೂ ಉದುರ್ತಾ?"

"ಈ ಊರಲ್ಲಿ ಬಿಸಿಲು ಜಾಸ್ತಿ," ಅಂದೆ.

ಮುದುಕಿ ನನ್ನನ್ನು ನೋಡಿದಳು. ಆಮೇಲೆ ನಕ್ಕಳು ನೋಡು, ಹಲ್ಲಿಲ್ಲದ ಬಾಯಿ ತೆರೆದು, ಕುರ್ಚಿ ಅಲುಗಾಡುವ ಹಾಗೆ. ಮಗಳೂ ನಕ್ಕಳು. ನನಗೂ ಏನಾಯಿತೋ, ಹೊಟ್ಟೆ ಹಿಡಿದುಕೊಂಡು ನಿಂತೆ. ಆಚೆ ಬೀದಿಯಿಂದ ಸೊಕೋರ್ರೊ ಏನಾಯಿತೆಂದು ಓಡಿ ಬಂದಳು. ಅವಳಿಗೂ ಕಾಫಿ ಕೊಡಬೇಕಾಯಿತು.

ಅವರು ಬ್ಲೂಫೀಲ್ಡ್ಸ್‌ನವರು, ದೇಶದ ಆ ತುದಿಯಿಂದ. ಮಗಳ ಹೆಸರು ಆರ್ಲೀನ್. ಇಲ್ಲಿ ಕಣಿವೆ ನೋಡಲು ಬಂದಿದ್ದರಂತೆ. ಬಸ್ಸಿನಲ್ಲಿ ಫೋನು ತೆಗೆದು ಏನು ತಿನ್ನಲು ಸಿಗುತ್ತದೆ ಎಂದು ಹುಡುಕಿದಾಗ ನಿನ್ನ ಪುಟ ಸಿಕ್ಕಿತಂತೆ. "ಅಮ್ಮ ಆ ಕುರ್ಚಿ ನೋಡಿ, ನಂಗೆ ಅಲ್ಲಿ ಕೂರ್ಬೇಕು ಅಂದ್ಳು. ಕಣಿವೆ ಬೇಡವೇ ಬೇಡ ಅಂದ್ಳು," ಅಂತ ಆರ್ಲೀನ್ ಹೇಳಿದಳು. ಮುದುಕಿ ರೋಸ್ಕೀಯಾವನ್ನು ಕಾಫಿಗೆ ಅದ್ದಿ, ಚಪ್ಪರಿಸಿ, ಇನ್ನೊಂದಕ್ಕೆ ಕೈ ಚಾಚಿದಳು. ಹಲ್ಲಿಲ್ಲದವರ ಬಾಯಲ್ಲೂ ನಿಲ್ಲಲಿಲ್ಲ ಎಂಬುದನ್ನು ನಿನ್ನ ಪುಟದಲ್ಲಿ ಬರೆದುಕೋ. ಹೋಗುವಾಗ ದೊಡ್ಡ ಚೀಲ ಕೊಂಡರು.

ಆಗ ನೆನಪಾಯಿತು. ಬರೆಯಬೇಕು! ಆರ್ಲೀನಳ ಫೋನು ಅಷ್ಟರಲ್ಲಿ ಕಪ್ಪಗಾಗಿ ಸತ್ತಿತ್ತು. ಬಸ್ಸು ಹೊರಡುವ ಹೊತ್ತು. ಅವಳ ಕೈ ಹಿಡಿದು ಬಾಯಾರ್ದೊನ ಮನೆಗೆ ಓಡಿದೆ. ಈ ಮಂಡಿಯಲ್ಲಿ! ಹಿಂದೆ ಸೊಕೋರ್ರೊ ಮುದುಕಿಯನ್ನು ನಡೆಸಿಕೊಂಡು ಬಂದಳು, ಅವಳ ಹಿಂದೆ ನಿಕಾನೋರ್, ಏನೆಂದು ಗೊತ್ತಿಲ್ಲದೆ. ಬಾಯಾರ್ದೊನ ಬಾಗಿಲು ಬಡಿದೆ. ಅವನು ಬನಿಯನ್ನಿನಲ್ಲಿ ಬಂದ.

"ಫೋನ್ ಕೊಡು," ಅಂದೆ.

ಅವನು ನನ್ನನ್ನು ನೋಡಿದ, ಹಳದಿ ಹ್ಯಾಟು ನೋಡಿದ, ಅವಳ ಕೈಯಲ್ಲಿದ್ದ ಚೀಲ ನೋಡಿದ. ಅರ್ಥವಾಯಿತು ಅವನಿಗೆ. ಅವನ ಕೌಂಟರು ಖಾಲಿ ಉಳಿಯುತ್ತದೆ ಎಂದು ಗೊತ್ತಿದ್ದೂ ಒಳಗೆ ಹೋಗಿ ಫೋನು ತಂದ, ತಾನೇ ನಿನ್ನ ಪುಟ ತೆರೆದ, ಬರೆಯುವ ಜಾಗ ತೋರಿಸಿದ. "ದೊಡ್ಡ ಅಕ್ಷರದಲ್ಲೇ ಇದೆ, ಕಷ್ಟ ಆಗಲ್ಲ," ಅಂದ. ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲಿಗೆ ತೀರಿತು. ಹೊಸ ಸಿಟ್ಟು ಯಾವಾಗ ಬರುತ್ತದೋ ನೋಡೋಣ.

ಆರ್ಲೀನ್ ಬರೆದದ್ದನ್ನು ಅವನು ಎಲ್ಲರಿಗೂ ಕೇಳುವ ಹಾಗೆ ಓದಿದ. ಇಲ್ಲಿ ಬರೆಯುವುದಿಲ್ಲ, ನಿನ್ನ ಹತ್ತಿರ ಇದೆ. ಕುರ್ಚಿಯ ಬಗ್ಗೆ ಬರೆದ ಸಾಲು ಬಂದಾಗ ಸೊಕೋರ್ರೊ ನನ್ನ ಭುಜದ ಮೇಲೆ ಕೈಯಿಟ್ಟಳು. ತೆಗೆ ಅಂತ ಹೇಳಲು ಮರೆತೆ.

ಕಿಟಕಿ ಪಕ್ಕದ ಮೇಜು ಸಿಕ್ಕಿತು ಎಂದೆ. ಕಿಟಕಿಯಿಂದ ಏನು ಕಾಣುತ್ತದೆ ಎಂದು ಬರೆ. ಊಟ ಮರೆಯಬೇಡ. ಆ ಇವಾನಿಯಾಗೆ ಹೇಳು, ನಮ್ಮ ಬಾಗಿಲು ಈಗ ತೆರೆದೇ ಇರುತ್ತದೆ ಅಂತ. ಮತ್ತೆ, ಬಾಯಾರ್ದೊನಿಗೂ ಒಂದು ಪುಟ ಬೇಕಂತೆ. ನಿಕಾನೋರನಿಗೂ. ಸೊಕೋರ್ರೊ ಕೂಡ ಕೇಳಿದಳು. ಮಾಡಿಕೊಡು, ಆದರೆ ಅವಳ ರೋಸ್ಕೀಯಾ ನನ್ನದರಷ್ಟು ಕೆಂಪಗೆ ಕಾಣಕೂಡದು.

ಈ ಸಲ ಚೀಲದ ಬದಲು ಗಂಟು ಕಟ್ಟಿ ಕಳಿಸಿದ್ದೇನೆ. ಆ ಬಿಳಿ ಬಟ್ಟೆ ಎಲ್ಲಿಯದು ಎಂದು ಕೇಳಬೇಡ. ಒಳ್ಳೆಯ ಬಟ್ಟೆ, ಸುಮ್ಮನೆ ಪೆಟ್ಟಿಗೆ ಸೇರಿ ಹಳದಿಯಾಗುವುದು ಬೇಡ. ಕತ್ತರಿಸುವಾಗ ಜೇಬನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ, ಹೆಸರಿನ ಸಮೇತ. ಮೇಜಿನ ಬದಿಗೆ ಮೊಳೆ ಹೊಡೆದು ನೇತುಹಾಕು. ಪೆನ್ಸಿಲ್ ಇಡಲು ಬರುತ್ತದೆ.

ನಿನ್ನ ಮಾದ್ರೀನಾ
ತೊಮಾಸಾ
ಹುಣಸೆ ಮರದ ಎದುರು, ಸೊಮೋತೊ